ಗುಜರಿಗೆ ಹಾಕು ಅಂದ ಹಾರ್ಡ್‌ಡಿಸ್ಕ್ ಮತ್ತೆ ಓಡಿದ್ದು ಹೀಗೆ

ಪೆಂಡಿಂಗ್ ಸೆಕ್ಟರ್ (ಡಿಸ್ಕಿಗೆ ಓದಲು ಬಾರದ ಮಾಹಿತಿಯ ಪುಟ್ಟ ತುಂಡು) ಕಂಡ ಕೂಡಲೇ ಡಿಸ್ಕ್ ಎಸೆಯಿರಿ ಅನ್ನುವವರೇ ಹೆಚ್ಚು. ನನ್ನ ಹತ್ತಿರ ಬಂದ ಒಂಬತ್ತು ಹಳೆ ಡಿಸ್ಕ್‌ಗಳಲ್ಲಿ ಆರು ಈಗ ಓಡುತ್ತಿವೆ. ಅವುಗಳಲ್ಲಿ ನಾಲ್ಕನ್ನು ರಿಪೇರಿಯವರೇ "ಸತ್ತಿದೆ, ಬಿಡಿ" ಅಂದಿದ್ದರು.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ ಮೊದಲು ನೋಡುವುದು ಮೂರೇ ಸಾಲು: 5, 197, 199. 199 ಅಂದರೆ ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಮಾಹಿತಿ ಸಾಗುವಾಗಿನ ತಪ್ಪುಗಳ ಲೆಕ್ಕ, ಅದು ಏರುತ್ತಿದ್ದರೆ ಬಹುಪಾಲು ಕೇಬಲ್ಲಿನದೇ ತಪ್ಪು. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಅರವತ್ತು ರೂಪಾಯಿಯ ಸಾಟಾ ಕೇಬಲ್ ಬದಲಿಸಿ. ಹಳೆ ಅಂಕಿ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. 197 ಅಂದರೆ ಆ ಪೆಂಡಿಂಗ್, ಓದಲು ಬಾರದೆ ಡಿಸ್ಕ್ ಪಕ್ಕಕ್ಕಿಟ್ಟ ಸೆಕ್ಟರ್‌ಗಳು. ಅಲ್ಲಿ ಹೊಸದಾಗಿ ಬರೆದಾಗ ಮಾತ್ರ ತೀರ್ಮಾನ: ಬರೆದದ್ದು ಉಳಿದರೆ ಪಟ್ಟಿಯಿಂದ ಹೊರಗೆ, ಉಳಿಯದಿದ್ದರೆ ಮೀಸಲು ಜಾಗಕ್ಕೆ ವರ್ಗ, ಆಗ 5 ಏರುತ್ತದೆ. ಕ್ವಿಕ್ ಫಾರ್ಮ್ಯಾಟ್ ಈ ಸೆಕ್ಟರ್‌ಗಳನ್ನು ಮುಟ್ಟುವುದೇ ಇಲ್ಲ. ಹಾಗಾಗಿಯೇ ಹತ್ತು ಸಲ ಫಾರ್ಮ್ಯಾಟ್ ಹೊಡೆದವರಿಗೂ ಅದೇ ಗೋಳು.

ಹೀಗೆ ಡಿಸ್ಕ್ ಪೂರ್ತಿ ಹೊಸದಾಗಿ ಬರೆಯುವ ನನ್ನ ಮೊದಲ ಎರಡು ಪ್ರಯತ್ನ ಹಾಳಾದದ್ದು ಡಿಸ್ಕನ್ನು ಯುಎಸ್‌ಬಿಗೆ ಹಚ್ಚುವ ಕೇಸಿನಿಂದ. ಎರಡೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾದಾಗ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ, ಹಳೆ ಯುಎಸ್‌ಬಿ ಪೋರ್ಟ್ ಕೊಡುವುದು ಅದರ ಅರ್ಧ. ಶೇ. 60ಕ್ಕೆ ಬಂದು ಟಿಕ್ ಟಿಕ್ ಅಂದು ಮಾಯ. ಈಗ ಡೆಸ್ಕ್‌ಟಾಪಿನ ಸಾಟಾಗೆ ನೇರ ಹಚ್ಚುತ್ತೇನೆ, ಬೇರೆ ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟು. ಆಜ್ಞೆಯಲ್ಲಿ ಡಿಸ್ಕಿನ ಹೆಸರಿನ ಒಂದಕ್ಷರ ತಪ್ಪಿದರೆ ಮನೆಯ ಫೋಟೋಗಳೇ ಹೋಗುತ್ತವೆ.

ಪೆನ್‌ಡ್ರೈವ್‌ನಿಂದ ಲಿನಕ್ಸ್ ಎತ್ತಿ, ಕೆಟ್ಟ ಸೆಕ್ಟರ್ ಹುಡುಕುವ ಬ್ಯಾಡ್‌ಬ್ಲಾಕ್ಸ್ ತಂತ್ರಾಂಶವನ್ನು ಬರೆಯುವ ವಿಧಾನದಲ್ಲಿ (ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಯುತ್ತದೆ) ಓಡಿಸಿ, ಬ್ಲಾಕ್ ಗಾತ್ರ 4096 ಇರಲಿ. ಗಾತ್ರದಲ್ಲೇ ಗುಟ್ಟು. ಒಳಗೆ 4096 ಬೈಟ್ ಸೆಕ್ಟರ್ ಇಟ್ಟುಕೊಂಡು ಹೊರಗೆ 512 ಅಂತ ತೋರಿಸುವ ಡಿಸ್ಕ್‌ಗಳಿವೆ. ಕೆಟ್ಟ ಒಂದೇ 512ರ ಮೇಲೆ ಬರೆಯಲು ಹೋದರೆ ಉಳಿದ ಏಳನ್ನು ಡಿಸ್ಕ್ ಮೊದಲು ಓದಬೇಕು, ಓದಲಾಗದೆ ಬರೆಯುವುದೂ ಸೋಲುತ್ತದೆ. ಎಂಟನ್ನೂ ಒಟ್ಟಿಗೆ ಬರೆದರೆ ತಕರಾರಿಲ್ಲ. ನಾಲ್ಕು ಮಾದರಿ ಬರೆದು ಓದುವಷ್ಟರಲ್ಲಿ 500 ಜಿಬಿಗೆ ಹದಿನಾಲ್ಕು ಹದಿನೈದು ತಾಸು. ಎದುರಿಗೊಂದು ಫ್ಯಾನ್ ಇಡಿ, 50 ಡಿಗ್ರಿ ದಾಟಲು ಬಿಡಬೇಡಿ.

ಒಂದು ಡಿಸ್ಕ್‌ನಲ್ಲಿ 197 ನಲವತ್ತರಷ್ಟಿದ್ದದ್ದು ಸೊನ್ನೆಯಾಯಿತು, 5 ಎಂಟರಲ್ಲೇ ನಿಂತಿತು. ಇನ್ನೊಂದರಲ್ಲಿ ವಾರದೊಳಗೆ 197 ಮತ್ತೆ ಬಂತು, 5ನೂ ಏರಿತು. ಅದನ್ನು ಉಳಿಸಿಕೊಳ್ಳಬೇಡಿ, ಒಳಗಿನ ಅಯಸ್ಕಾಂತ ಬಿಚ್ಚಿ ಅದಕ್ಕೆ ಸ್ಕ್ರೂಡ್ರೈವರ್ ನೇತುಹಾಕಿ. ಫ್ರಿಜ್ಜಿನಲ್ಲಿಡುವ ವೈದ್ಯವನ್ನೂ ಅದರ ಮೇಲೆ ಮಾಡಿ ನೋಡಿದೆ, ತೇವ ಕೂತದ್ದಷ್ಟೇ ಲಾಭ.

ಮಾಹಿತಿ ಅಳಿಸುವುದಷ್ಟೇ ಬೇಕಿದ್ದರೆ ಡಿಸ್ಕ್ ಪೂರ್ತಿ ಸೊನ್ನೆ ಬರೆಯುವ ಒಂದು ಸುತ್ತು ಸಾಕು, ಕೆಲವರು ಹೇಳುವ 35 ಸುತ್ತು ಕರೆಂಟಿಗೆ ದಂಡ. ಆದರೆ ವರ್ಗವಾದ ಹಳೆ ಸೆಕ್ಟರ್‌ಗಳಿಗೆ ಈ ಸೊನ್ನೆ ತಲುಪುವುದಿಲ್ಲ, ಅವಕ್ಕೆ ಡಿಸ್ಕಿನೊಳಗೇ ಇರುವ ಅಳಿಸುವ ಆಜ್ಞೆಯಾದ ಸೆಕ್ಯೂರಿಟಿ ಇರೇಸ್‌ನ ಎನ್‌ಹ್ಯಾನ್ಸ್‌ಡ್ ವಿಧಾನ ಬೇಕು. ಡಿಸ್ಕ್ "ಫ್ರೋಜನ್" (ಈ ಆಜ್ಞೆಗೆ ತಡೆ) ಅಂತ ತೋರಿಸಿದರೆ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ, ಸಾಮಾನ್ಯವಾಗಿ ಬಿಡುತ್ತದೆ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ: ನಡುವೆ ಕರೆಂಟು ಹೋದರೆ ಡಿಸ್ಕ್ ಪಾಸ್‌ವರ್ಡ್ ಹಾಕಿಕೊಂಡು ಕೂರುತ್ತದೆ. ಎಸ್‌ಎಸ್‌ಡಿಗೆ ಬ್ಯಾಡ್‌ಬ್ಲಾಕ್ಸ್ ಬೇಡವೇ ಬೇಡ, ಸುಮ್ಮನೆ ಸವೆತ.

ಖರ್ಚು? ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೆ 500 ಜಿಬಿ ನನಗೆ ನಾನೂರು ಐನೂರಕ್ಕೆ ಸಿಕ್ಕಿತ್ತು, ಕೇಸಿಗೆ ಮುನ್ನೂರು ಚಿಲ್ಲರೆ. ಅಂಗಡಿಯಲ್ಲೇ ಎರಡು ನಿಮಿಷದಲ್ಲಿ ಒಳ್ಳೆಯದನ್ನು ಆರಿಸುವ ಉಪಾಯ ಒಂದಿದೆ, ಅದನ್ನು ಹೇಳಿಬಿಟ್ಟರೆ ನನಗೇ ಸಿಗದೆ ಹೋದೀತು.

ಬದುಕುಳಿದ ಆರರಲ್ಲಿ ಒಂದು ಸಿಸಿಟಿವಿ ಡಿವಿಆರ್‌ನಲ್ಲಿ (ಕ್ಯಾಮೆರಾ ದೃಶ್ಯ ಉಳಿಸಿಡುವ ಪೆಟ್ಟಿಗೆ) ಇದೆ. ನಾಲ್ಕು ಕ್ಯಾಮೆರಾ, ತಲಾ 2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಬಿಟ್‌ರೇಟ್, ದಿನಕ್ಕೆ 86 ಜಿಬಿ. ಐದೂವರೆ ದಿನದ ದೃಶ್ಯ ಹಿಡಿಸುತ್ತದೆ. ಬಿಟ್‌ರೇಟ್ ಅರ್ಧಕ್ಕಿಳಿಸಿದ ಮೇಲೆ ಹನ್ನೊಂದು ದಿನಕ್ಕೆ ಬಂದಿದೆ, ರಾತ್ರಿ ಮಾತ್ರ ನಂಬರ್‌ಪ್ಲೇಟ್ ಓದಲು ಬರುವುದಿಲ್ಲ.