ಕರಾವಳಿಯ ಸೆಕೆಗೆ ಬಟ್ಟೆಗಂಟು ಕಟ್ಟುವ ಬಗೆ

ಶಾಲೆಗಳಿಗೆ ಬೇಸಿಗೆ ರಜೆ ಬಿತ್ತೆಂದರೆ ಬಯಲುಸೀಮೆಯ ನೆಂಟರು ಕುಮಟೆಯ ನಮ್ಮ ಮನೆಗೆ ಬರುತ್ತಾರೆ. ನಾಲ್ಕು ದಿನಗಳಲ್ಲಿ ಗೋಕರ್ಣ, ಮುರ್ಡೇಶ್ವರ, ಯಾಣ, ಶಿರಸಿ, ಕಾರವಾರ ಎಲ್ಲವನ್ನೂ ನೋಡಿ ಮುಗಿಸಬೇಕೆಂಬುದು ಅವರ ಲೆಕ್ಕ. ಅವರು ಜಗಲಿಯ ಮೇಲೆ ಚೀಲ ಬಿಚ್ಚುವುದನ್ನು ವರ್ಷವರ್ಷವೂ ನೋಡುತ್ತ ಬಂದ ನನಗೆ ಅನ್ನಿಸಿರುವುದೆಂದರೆ, ಬಿಸಿಲಿಗೆಂದು ಟೊಪ್ಪಿ, ಕಪ್ಪು ಕನ್ನಡಕ ತರುವವರು ಬೆವರಿನ ಯೋಚನೆಯನ್ನೇ ಮಾಡಿರುವುದಿಲ್ಲ.

ಒಮ್ಮೆ ಏಪ್ರಿಲಿನಲ್ಲಿ ಹುಬ್ಬಳ್ಳಿಯ ನಮ್ಮ ದೊಡ್ಡಪ್ಪನ ಮಗ ದಪ್ಪ ಜೀನ್ಸ್ ಮತ್ತು ಕಪ್ಪು ಅಂಗಿ ತೊಟ್ಟು ಬಂದಿಳಿದರು. ಮೊಬೈಲಿನಲ್ಲಿ 34 ಡಿಗ್ರಿ ಎಂದು ನೋಡಿ, ತಮ್ಮ ಊರಿನ 38ರ ಮುಂದೆ ಇದೇನು ಮಹಾ ಎಂದುಕೊಂಡಿದ್ದರಂತೆ. ಊಟದ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿ, ಕಾಲರಿನ ಸುತ್ತ ಉಪ್ಪಿನ ಬಿಳಿ ಗೆರೆ ಮೂಡಿತ್ತು. "ನಿಮ್ಮೂರಾಗ ಗಾಳಿನೇ ಹಸಿ ಐತಲ್ಲೋ ತಮ್ಮಾ" ಎಂದು ನನ್ನ ಪಂಚೆಯೊಂದನ್ನು ಕೇಳಿ ಉಟ್ಟುಕೊಂಡವರು ಊರಿಗೆ ಹೊರಡುವವರೆಗೆ ಅದನ್ನು ಬಿಡಲಿಲ್ಲ.

ಅಣ್ಣನ ಮಾತು ಸರಿಯಾಗಿಯೇ ಇತ್ತು. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಕಲಬುರಗಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದರೂ ಗಾಳಿ ಒಣಗಿರುವುದರಿಂದ ಬೆವರು ಹುಟ್ಟಿದಲ್ಲೇ ಹಾರಿಹೋಗುತ್ತದೆ, ಬೇವಿನ ನೆರಳಿಗೆ ಬಂದರೆ ಹಾಯೆನಿಸುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ದಂಡೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳು ಸಾಮಾನ್ಯವಾಗಿ 33ರಿಂದ 35 ಡಿಗ್ರಿಯ ಆಸುಪಾಸಿನಲ್ಲೇ ಇದ್ದರೂ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿಕೊಂಡಿರುವುದರಿಂದ ಬೆವರು ಆರುವುದಿಲ್ಲ, ನೆರಳಿಗೆ ಬಂದರೂ ಸೆಕೆ ಬಿಡುವುದಿಲ್ಲ. ಆದ್ದರಿಂದ ಇಲ್ಲಿಗೆ ತರುವ ಪ್ರತಿಯೊಂದು ಬಟ್ಟೆಗೂ ಎರಡು ಪ್ರಶ್ನೆ ಕೇಳಬೇಕು: ಇದರೊಳಗೆ ಗಾಳಿ ಆಡುತ್ತದೆಯೇ, ರಾತ್ರಿ ಒಗೆದು ಹಾಕಿದರೆ ಬೆಳಗಿನೊಳಗೆ ಒಣಗುತ್ತದೆಯೇ.

ಜೀನ್ಸ್ ಎರಡರಲ್ಲೂ ಸೋಲುತ್ತದೆ. ಕಡಲ ನೀರಿನಲ್ಲಿ ನೆನೆದ ಜೀನ್ಸನ್ನು ಹಿಂಡಿ ತಂತಿಯ ಮೇಲೆ ಹಾಕಿದರೆ ಮರುದಿನ ಬೆಳಿಗ್ಗೆಯೂ ಸೊಂಟದ ಪಟ್ಟಿ ಮತ್ತು ಜೇಬುಗಳು ತಣ್ಣಗೆ ಹಸಿಯಾಗಿರುತ್ತವೆ, ಮೂರನೆಯ ದಿನ ಮುಗ್ಗಲು ವಾಸನೆ ಹೊಡೆಯುತ್ತದೆ. ಅದರ ಬದಲು ತೆಳುವಾದ ಹತ್ತಿಯ ಸಡಿಲ ಪ್ಯಾಂಟ್ ಅಥವಾ ಪೈಜಾಮ ಎರಡು, ಕೈಮಗ್ಗದ ತೆಳು ಹತ್ತಿಯ ಅಂಗಿ ಅಥವಾ ಕುರ್ತಾ ನಾಲ್ಕು ಇದ್ದರೆ ನಾಲ್ಕು ದಿನಕ್ಕೆ ಸಾಕು. ಮೇಲಿನ ಬಟ್ಟೆಯ ಲೆಕ್ಕ ಹೆಚ್ಚಿರುವುದಕ್ಕೆ ಕಾರಣವಿದೆ: ಬೆಳಿಗ್ಗೆ ತೊಟ್ಟದ್ದು ಹತ್ತು ಗಂಟೆಗೆ ಒದ್ದೆಯಾಗಿರುತ್ತದೆ, ಮಧ್ಯಾಹ್ನ ಸ್ನಾನ ಮಾಡಿ ಅದನ್ನೇ ಮತ್ತೆ ತೊಡುವಷ್ಟು ಧೈರ್ಯ ನನಗಂತೂ ಇಲ್ಲ. ಒಳಉಡುಪನ್ನು ದಿನಕ್ಕೆರಡರಂತೆ ಎಣಿಸಿ ಇಡಬೇಕು. ಬನಿಯನ್ ತೊಡುವ ರೂಢಿಯವರು ಅದನ್ನು ಬಿಡಬೇಕಾಗಿಲ್ಲ, ಬೆವರು ಹೀರಲು ಅದು ಒಳ್ಳೆಯದೇ. ತುಂಬು ತೋಳಿನ ಸಡಿಲ ಅಂಗಿ ಅರ್ಧ ತೋಳಿನದಕ್ಕಿಂತ ಮೇಲು, ಬಿಸಿಲಿನಲ್ಲಿ ಚರ್ಮವನ್ನು ಕಾಯುವುದು ಅದೇ.

ಬಣ್ಣದ ವಿಷಯದಲ್ಲಿ ತಿಳಿಬಣ್ಣ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನಮ್ಮ ಜಿಲ್ಲೆಯ ಕೆಮ್ಮಣ್ಣಿಗೂ ಬಿಳಿ ಬಟ್ಟೆಗೂ ಆಗಿಬರುವುದಿಲ್ಲ. ಮಿರ್ಜಾನ್ ಕೋಟೆಯ ಚಿರೇಕಲ್ಲಿನ ಮೆಟ್ಟಿಲ ಮೇಲೆ ಒಮ್ಮೆ ಕೂತೆದ್ದರೆ ಬಿಳಿ ಪೈಜಾಮದ ಮೇಲೆ ಉಳಿಯುವ ಕಲೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಬೂದು ಬಣ್ಣ ಮತ್ತು ತಿಳಿನೀಲಿ ಬೆವರಿನ ಕಲೆಯನ್ನು ಎತ್ತಿ ತೋರಿಸುತ್ತವೆ. ಕೆನೆಬಣ್ಣ, ತಿಳಿಹಳದಿ, ಸಣ್ಣ ಹೂವಿನ ಅಚ್ಚಿರುವ ಬಟ್ಟೆಗಳು ಮಣ್ಣನ್ನೂ ಬೆವರನ್ನೂ ಮರೆಮಾಡುತ್ತವೆ, ಫೋಟೋಗಳಲ್ಲಿಯೂ ಚೆನ್ನಾಗಿ ಕಾಣುತ್ತವೆ.

ಚೀಲದಲ್ಲಿ ಒಂದೇ ಒಂದು ವಸ್ತುವಿಗೆ ಜಾಗವಿದೆಯೆಂದರೆ ಅದು ನಾಲ್ಕು ಮೊಳದ ಹತ್ತಿ ಪಂಚೆಯಾಗಿರಲಿ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದಲ್ಲಿ ಆತ್ಮಲಿಂಗವನ್ನು ಮುಟ್ಟಿ ನಮಸ್ಕರಿಸಲು ಹೋಗುವ ಗಂಡಸರು ಅಂಗಿ, ಬನಿಯನ್ ತೆಗೆದು ಪಂಚೆ ಉಟ್ಟಿರಬೇಕು. ಸರತಿಯಲ್ಲಿ ನಿಂತ ಮೇಲೆ ಇದು ನೆನಪಾಗಿ ರಥಬೀದಿಯ ಅಂಗಡಿಗೆ ಓಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ಪಂಚೆ ಕಡಲಸ್ನಾನದ ನಂತರ ಮೈ ಒರೆಸಲು ಬರುತ್ತದೆ, ಹೊಯ್ಗೆಯ (ಮರಳಿನ) ಮೇಲೆ ಹಾಸಲು ಬರುತ್ತದೆ, ಇಬ್ಬರು ಎರಡು ತುದಿ ಹಿಡಿದರೆ ಮಕ್ಕಳು ಬಟ್ಟೆ ಬದಲಿಸಲು ಮರೆಯಾಗುತ್ತದೆ, ಬಿಸಿಲು ಬೀಳುವ ಕಾರಿನ ಕಿಟಕಿಗೆ ಗಾಜಿನ ಸಂದಿಯಲ್ಲಿ ಸಿಕ್ಕಿಸಿದರೆ ಪರದೆಯಾಗುತ್ತದೆ, ರಾತ್ರಿ ಹೊದೆಯಲೂ ಬರುತ್ತದೆ. ದಪ್ಪನೆಯ ಟರ್ಕಿ ಟವೆಲ್ ಒಂದು ಹಿಡಿಯುವ ಜಾಗದಲ್ಲಿ ಇಂಥ ಪಂಚೆ ಎರಡು ಹಿಡಿಯುತ್ತವೆ, ಒಗೆದು ಗಾಳಿಗೆ ಹಾಕಿದರೆ ಬೇಗ ಒಣಗುತ್ತವೆ. ಹೆಂಗಸರಿಗೆ ದೊಡ್ಡ ಹತ್ತಿ ದುಪಟ್ಟಾ ಹೆಚ್ಚುಕಡಿಮೆ ಇಷ್ಟೇ ಕೆಲಸ ಮಾಡುತ್ತದೆ. ಹಂಪಿಯೋ ವಿಜಯಪುರವೋ ನೋಡಲು ಹೋಗುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಕಡಲಿಗಿಳಿಯುವ ಬಟ್ಟೆಗೆ ಮಾತ್ರ ಈ ನಿಯಮ ತಲೆಕೆಳಗಾಗುತ್ತದೆ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಸೀರೆಯೋ ಉದ್ದನೆಯ ಚೂಡಿದಾರವೋ ಆದರೆ ತೆರೆ ಹಿಂದೆ ಸರಿಯುವಾಗ ಕಾಲಿಗೆ ಸುತ್ತಿಕೊಂಡು ಮನುಷ್ಯನನ್ನು ಕೆಡವುತ್ತದೆ. ಮುರ್ಡೇಶ್ವರದ ದಂಡೆಯಲ್ಲಿ ಮೊಣಕಾಲುದ್ದದ ನೀರಿನಲ್ಲೇ ಹೀಗೆ ಬಿದ್ದವರನ್ನು ಕಂಡಿದ್ದೇನೆ. ನೀರಿಗೆಂದು ಮೊಣಕಾಲಿನವರೆಗಿನ ಪಾಲಿಯೆಸ್ಟರ್ ಚಡ್ಡಿ ಮತ್ತು ಮೈಗಂಟುವ ಟೀ ಶರ್ಟ್ ಬೇರೆಯಾಗಿಯೇ ಇರಲಿ. ನೀರಿನಿಂದ ಮೇಲೆ ಬಂದ ತಕ್ಷಣ ಸಿಹಿನೀರಿನಲ್ಲಿ ಮೈ ತೊಳೆದು ಒಣಬಟ್ಟೆ ಹಾಕಿಕೊಳ್ಳದಿದ್ದರೆ ಉಪ್ಪು, ಹೊಯ್ಗೆ, ಬೆವರು ಮೂರೂ ಸೇರಿ ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ, ಆಮೇಲೆ ಎರಡು ದಿನ ನಡೆಯುವುದೇ ಕಷ್ಟ. ಹೊರಡುವ ಮೊದಲೇ ಆ ಜಾಗಕ್ಕೆ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಂಡರೆ ಈ ಪಾಡು ತಪ್ಪುತ್ತದೆ.

ಕಾಲಿಗೆ ಏನು ಎಂಬುದಕ್ಕೆ ನನ್ನ ಉತ್ತರ, ಹಿಮ್ಮಡಿಗೆ ಪಟ್ಟಿಯಿರುವ, ತಳದಲ್ಲಿ ಗೀರುಗಳಿರುವ ರಬ್ಬರಿನ ಸ್ಯಾಂಡಲ್. ಹವಾಯಿ ಚಪ್ಪಲಿ ಹೊಯ್ಗೆಯಲ್ಲಿ ಹೂತುಕೊಳ್ಳುತ್ತದೆ, ಶಿರಸಿಯ ಹತ್ತಿರ ಶಾಲ್ಮಲಾ ನದಿಯ ಸಹಸ್ರಲಿಂಗದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಜಾರುತ್ತದೆ. ಬೂಟು ಹಾಕಿದವರು ದಿನಕ್ಕೆ ಹತ್ತು ಸಲ ಲೇಸು ಬಿಚ್ಚಬೇಕಾಗುತ್ತದೆ, ಏಕೆಂದರೆ ಇಲ್ಲಿನ ಸುತ್ತಾಟದಲ್ಲಿ ಅರ್ಧ ದೇವಸ್ಥಾನಗಳೇ. ಜೊತೆಗೆ ಒಂದು ಜೊತೆ ಹಳೆಯ ಹತ್ತಿ ಸಾಕ್ಸ್ ಇರಲಿ. ಮಧ್ಯಾಹ್ನ ಹನ್ನೆರಡರ ನಂತರ ದೇವಸ್ಥಾನದ ಹೊರಾವರಣದ ಕಲ್ಲುಹಾಸು ಕಾದ ಕಾವಲಿಯಂತಿರುತ್ತದೆ, ವಯಸ್ಸಾದವರು ಆ ಹೊತ್ತಿನಲ್ಲಿ ಪ್ರದಕ್ಷಿಣೆ ಹಾಕುವುದಾದರೆ ಸಾಕ್ಸ್ ಹಾಕಿಕೊಂಡು ಹೋಗಲು ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಒಳಮಂಟಪಕ್ಕೆ ಕಾಲಿಟ್ಟಾಗ ಮಾತ್ರ ಆ ತಣ್ಣನೆಯ ನೆಲಕ್ಕೆ ಬರಿಗಾಲೇ ಸುಖ.

ತಲೆಯ ಮೇಲೆ ಕೊಡೆಯೋ ಟೊಪ್ಪಿಯೋ ಎಂಬುದು ಹೊತ್ತು ಮತ್ತು ಜಾಗದ ಮೇಲೆ ನಿಂತಿದೆ. ನೆಲ ಕಾದಂತೆ, ಬೆಳಗಿನ ಹತ್ತು-ಹನ್ನೊಂದು ಗಂಟೆಯ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನದ ನಂತರ ಅದು ಜೋರಾಗಿ ಕೊಡೆಯನ್ನು ಮಗುಚಿಹಾಕುತ್ತದೆ. ಗೋಕರ್ಣದ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ದಾರಿಯಲ್ಲಿ ನಡೆಯುವವರಿಗೆ ಗಲ್ಲದ ಕೆಳಗೆ ದಾರ ಕಟ್ಟುವ ಅಗಲ ಅಂಚಿನ ಬಟ್ಟೆಯ ಟೊಪ್ಪಿಯೇ ಬೇಕು, ಮುಂದಕ್ಕೆ ಮಾತ್ರ ಚಾಚಿದ ಕ್ರಿಕೆಟ್ ಟೊಪ್ಪಿಯಲ್ಲಿ ಕಿವಿ ಮತ್ತು ಕುತ್ತಿಗೆ ಸುಡುತ್ತವೆ. ಶಿರಸಿಯ ಪೇಟೆಯಲ್ಲಿ ಕೊಡೆ ಸಾಕು, ಮೇ ತಿಂಗಳ ಸಂಜೆಯ ಗುಡುಗು ಮಳೆಗೂ ಅದೇ ಆಗುತ್ತದೆ. ಆ ದಿನಗಳಲ್ಲಿ ರೈನ್‌ಕೋಟ್ ತಂದರೆ ಅದರೊಳಗೆ ಇಡ್ಲಿಯಂತೆ ಬೇಯಬೇಕಾಗುತ್ತದೆ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದಿರಲಿ. ಹೊರಬೀಳುವ ಕಾಲು ಗಂಟೆ ಮೊದಲು, ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನುದ್ದ ಹಿಂಡಿದಷ್ಟು ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಮೇಲೆ ಬಂದಾಗಲೆಲ್ಲ ಮತ್ತೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ, ಅದನ್ನು ರಾತ್ರಿಯ ಸ್ನಾನದ ನಂತರಕ್ಕೆ ಇಟ್ಟುಕೊಳ್ಳಿ. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ವನದ ಹಲಗೆದಾರಿಯಲ್ಲಿ ಸಂಜೆ ನಡೆಯುವವರು ಸೊಳ್ಳೆಗೆಂದು ಮುಲಾಮು ಹಚ್ಚುವುದಾದರೆ ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಮುಲಾಮು.

ಘಟ್ಟ ಹತ್ತುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ದೇವಿಮನೆ ಘಟ್ಟ ದಾಟಿ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಬಂದರೆ ಬೇಸಿಗೆಯಲ್ಲೂ ರಾತ್ರಿ ತೆಳು ಹೊದಿಕೆ ಬೇಕೆನಿಸುತ್ತದೆ, ಡಿಸೆಂಬರ್-ಜನವರಿಯಾದರೆ ಸ್ವೆಟರೇ ಬೇಕು. ಅದಕ್ಕಿಂತ ಮುಖ್ಯವಾದುದು ಕಾಡಿನ ಉಣುಗು. ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಾದರೂ ಪಕ್ಕದ ನಮ್ಮ ಸಿದ್ದಾಪುರದ ಕಡೆಯೂ ಅದು ಕಾಣಿಸಿಕೊಂಡಿದೆ, ಅದು ಹರಡುವ ಡಿಸೆಂಬರಿನಿಂದ ಮೇವರೆಗಿನ ಕಾಲವೇ ಪ್ರವಾಸದ ಕಾಲವೂ ಆಗಿದೆ. ಆದ್ದರಿಂದ ದಂಡೆಯಲ್ಲಿ ಚಡ್ಡಿ ತೊಟ್ಟು ತಿರುಗಿದವರು ಕಾಡಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟ್ ತೊಟ್ಟು, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಬೇಕು, ಒಣ ಎಲೆಗಳ ಮೇಲೆ ಕೂರಬಾರದು, ಮರಳಿ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡುವಾಗ ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಕೈಯಾಡಿಸಿ ನೋಡಬೇಕು. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರಕ್ಕೆ ವಾಹನ ಬಿಟ್ಟು ಕಾಡಿನ ನೆರಳಿನಲ್ಲಿ ನಡೆದೇ ಹೋಗಬೇಕು. ಅಲ್ಲಿನ ಬಂಡೆಗಳಲ್ಲಿ ಜೇನುಗೂಡುಗಳಿರುವುದರಿಂದ ಆ ದಿನ ಘಾಟಿನ ಸೆಂಟು ಬೇಡ.

ನೀರಿನ ಬಾಟಲಿ ತಲೆಗೊಂದರಂತೆ, ಲೀಟರಿನದು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ದಾರಿಯಲ್ಲಿ ಎಳನೀರು, ಕೋಕಂ ಶರಬತ್ತು, ಉಪ್ಪು ಹಾಕಿದ ಮಜ್ಜಿಗೆ ಸಿಗುತ್ತವೆ, ಶಿರಸಿಯ ಮನೆಗಳಲ್ಲಿ ಊಟಕ್ಕೆ ಕರೆದರೆ ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿಯನ್ನು ಎರಡು ಲೋಟ ಕೇಳಿ ಕುಡಿಯಿರಿ, ಆಮೇಲೆ ನಿದ್ದೆಯೂ ಚೆನ್ನಾಗಿ ಬರುತ್ತದೆ. ಓಆರ್‌ಎಸ್ ಪೊಟ್ಟಣಗಳನ್ನು ಔಷಧಿ ಅಂಗಡಿಯಿಂದಲೇ ತಂದಿಟ್ಟುಕೊಳ್ಳಿ, ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಬೆರೆಸಬೇಕು. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ಹೊರಡುವ ಮೊದಲು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಜೊತೆಯಲ್ಲಿದ್ದವರು ಬಿಸಿಲಿನಲ್ಲಿ ಇದ್ದಕ್ಕಿದ್ದಂತೆ ತಡವರಿಸಿ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ, ನೆರಳಿಗೆ ಸರಿಸಿ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಇನ್ಸುಲಿನ್ ಬಳಸುವವರು ಅದನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬಾರದು.

ಸಣ್ಣಪುಟ್ಟವುಗಳಲ್ಲಿ ಬಟ್ಟೆ ಒಣಹಾಕಲು ನಾಲ್ಕು ಮೀಟರ್ ನೈಲಾನ್ ಹಗ್ಗ ಮತ್ತು ಆರು ಕ್ಲಿಪ್ಪು, ಮೊಬೈಲಿಗೆ ಹೊಯ್ಗೆ ಹೋಗದಂತೆ ಜಿಪ್ ಕವರು, ಒದ್ದೆ ಬಟ್ಟೆಗೆ ಬೇರೆ ಚೀಲ, ಒಂದು ಬ್ಯಾಟರಿ ದೀಪ ಇಷ್ಟಿರಲಿ. ಸರ್ಕಾರಿ ಬಸ್ಸಿನಲ್ಲಿ ಓಡಾಡುವ ನಮ್ಮ ರಾಜ್ಯದ ಹೆಂಗಸರು ಆಧಾರ್ ಕಾರ್ಡನ್ನು ಚೀಲದ ತಳಕ್ಕೆ ಹಾಕದೆ ಕೈಗೆ ಸಿಗುವಲ್ಲಿ ಇಟ್ಟುಕೊಂಡರೆ ಶಕ್ತಿ ಯೋಜನೆಯ ಚೀಟಿಗೆ ಪ್ರತಿ ಸಲವೂ ಹುಡುಕಾಡಬೇಕಾಗಿಲ್ಲ.

ತಿರುಗಾಟದ ಹೊತ್ತನ್ನು ಸರಿಯಾಗಿ ಇಟ್ಟುಕೊಂಡರೆ ಚೀಲವೂ ಹಗುರಾಗುತ್ತದೆ. ಬೆಳಿಗ್ಗೆ ಆರೂವರೆಗೆ ಹೊರಟು ಹತ್ತಕ್ಕೆ ಮರಳಿ, ಊಟ ಮಾಡಿ ಮಲಗಿ, ನಾಲ್ಕಕ್ಕೆ ಮತ್ತೆ ಹೊರಡುವುದು ನಮ್ಮ ಕಡೆಯವರ ಕ್ರಮ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಯುದ್ಧನೌಕೆಯನ್ನು ಸಂಜೆಯೇ ನೋಡಿ, ಕಬ್ಬಿಣದ ಹಡಗಿನ ಹತ್ತಿರ ಮಧ್ಯಾಹ್ನ ನಿಲ್ಲುವುದು ಬೇಡ.

ಚೀಲದ ಕಾಲುಭಾಗವನ್ನು ಖಾಲಿ ಬಿಟ್ಟೇ ಬರಬೇಕು. ಮೇ ತಿಂಗಳಾದರೆ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು, ಎಲ್ಲ ಕಾಲಕ್ಕೂ ಒಣಗಿಸಿದ ಕೋಕಂ ಸಿಪ್ಪೆ, ಶಿರಸಿಯಿಂದ ಜೋನಿಬೆಲ್ಲ (ನೀರಾದ ಬೆಲ್ಲ), ಇವಿಲ್ಲದೆ ಮರಳಿದರೆ ಮನೆಯವರು ಬಿಡುವುದಿಲ್ಲ. ಹಣ್ಣನ್ನು ಹಳೆಯ ಪೇಪರಿನಲ್ಲಿ ಒಂದೊಂದಾಗಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಜೋನಿಬೆಲ್ಲ ಮಾತ್ರ ಬಟ್ಟೆಯ ಚೀಲಕ್ಕೆ ಸೇರಬಾರದು, ಸೆಕೆಗೆ ಅದು ಇನ್ನಷ್ಟು ತೆಳುವಾಗುತ್ತದೆ. ಹುಬ್ಬಳ್ಳಿಯ ಅಣ್ಣ ಅದನ್ನು ಅದೇ ಜೀನ್ಸಿನ ನಡುವೆ ಭದ್ರವಾಗಿರಲೆಂದು ಇಟ್ಟು ಹೋಗಿದ್ದರು. ಯಲ್ಲಾಪುರ ದಾಟುವ ಹೊತ್ತಿಗೆ ಬಸ್ಸಿನ ಸೀಟಿನ ಕೆಳಗೆ ಇರುವೆಯ ಸಾಲು ಹತ್ತಿತ್ತೆಂದು ರಾತ್ರಿ ಫೋನಿನಲ್ಲಿ ಹೇಳಿದರು. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೆ ಮುಚ್ಚಳ ತಿರುಗಿಸಿ, ಕೈಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಒಯ್ಯಿರಿ.