ರದ್ದಿ ಕಾಗದದ ಮೇಲೆ ಪಾಸಾದ ಜಿಎನ್‌ಎಂ

ಪಿಯುಸಿ ಕಲಾ ವಿಭಾಗದಲ್ಲಿ ನನಗೆ ಬಂದದ್ದು ನೂರಕ್ಕೆ 54. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರುವುದಕ್ಕೆ 40 ಸಾಕು, ವಿಜ್ಞಾನವೇ ಬೇಕೆಂದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮುಗಿಸುವುದಕ್ಕೆ ಎಷ್ಟು ಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಮೊದಲ ವಾರವೇ ಒಬ್ಬ ಮೇಡಂ "ಇತಿಹಾಸ ಓದಿದವರು ಹೃದಯ ಓದಲು ಬಂದಿದ್ದಾರೆ" ಎಂದು ತರಗತಿಯನ್ನೆಲ್ಲ ನಗಿಸಿದರು. ವರ್ಷದ ಕೊನೆಗೆ ಬಯೋಸೈನ್ಸ್ ಪತ್ರಿಕೆಯಲ್ಲಿ ನನಗೆ 75ಕ್ಕೆ 29, ಫೇಲು. ಆಗ ನಕ್ಕವರ ಮುಖ ನೋಡುವುದೇ ಕಷ್ಟವಾಯಿತು.

ಅಷ್ಟರಲ್ಲಿ ಅವ್ವನ ಎರಡು ತೊಲದ ಸರ ಅಡವಾಗಿ ಸಹಕಾರಿ ಸಂಘದ ಕಪಾಟು ಸೇರಿತ್ತು. ಶುಲ್ಕ ವರ್ಷಕ್ಕೆ ಐವತ್ತೈದು ಸಾವಿರದ ಆಸುಪಾಸು. ಸಮವಸ್ತ್ರ, ರೆಕಾರ್ಡ್ ಪುಸ್ತಕ, ಅಲ್ಲಿ ಇಲ್ಲಿ ಎಂದು ಇನ್ನೂ ಹತ್ತು ಸಾವಿರ. ಮರುಎಣಿಕೆಗೆ ಕಟ್ಟಿದ ಹಣ ನೀರಿಗೆ ಹೋಯಿತು, ಒಂದು ಅಂಕವೂ ಏರಲಿಲ್ಲ. ಹಾಸ್ಟೆಲ್ ಬಿಟ್ಟು ಗದಗಿನ ಮನೆಯಿಂದಲೇ ರೈಲಿನಲ್ಲಿ ಹುಬ್ಬಳ್ಳಿಯ ಕಾಲೇಜಿಗೆ ಓಡಾಡತೊಡಗಿದೆ. ತಿಂಗಳ ಪಾಸು ಮುನ್ನೂರರ ಆಸುಪಾಸು ಇತ್ತೆಂದು ನೆನಪು.

ಫೇಲಾದ ಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸಾವಿರದ ನಾನ್ನೂರು ಕೊಟ್ಟು ಮೂರು ಗೈಡ್ ತಂದೆ. ಬಣ್ಣಬಣ್ಣದ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದೆ. ಕೊನೆಗೆ ಗೆರೆ ಇಲ್ಲದ ಸಾಲೇ ಉಳಿಯಲಿಲ್ಲ. ಪಾಠಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ರೈಲಿನಲ್ಲಿ ಕೇಳುವ ಪ್ರಯೋಗವೂ ನಡೆಯಿತು. ಒಂದು ಸಂಜೆ ಮೂತ್ರಪಿಂಡದ ಪಾಠ ಕೇಳುತ್ತ ಮಲಗಿದವಳಿಗೆ ಎಚ್ಚರವಾದದ್ದು ಗದಗ ದಾಟಿ ಕೊಪ್ಪಳದಲ್ಲಿ. ಆ ರಾತ್ರಿ ಅಪ್ಪನಿಂದ ಕೇಳಿಸಿಕೊಂಡ ಬೈಗುಳಕ್ಕೆ ಧ್ವನಿಮುದ್ರಣ ಬೇಕಿಲ್ಲ, ಇಂದಿಗೂ ಕಂಠಪಾಠ.

ಅಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಒಂದು ಬದಿ ತಪ್ಪಾಗಿ ಅಚ್ಚಾದ ಹಾಳೆಗಳು ಅಲ್ಲಿ ರದ್ದಿಗೆ ಹೋಗುತ್ತವೆ. ಕಿಲೋಗೆ ಹತ್ತೋ ಹನ್ನೆರಡೋ ಕೊಟ್ಟು ಒಂದು ಕಟ್ಟು ತಂದುಕೊಟ್ಟರು. ಒಂದು ಬದಿಯಲ್ಲಿ ಯಾರದೋ ಮದುವೆ ಆಮಂತ್ರಣ, ಇನ್ನೊಂದು ಬದಿಯಲ್ಲಿ ನನ್ನ ಶ್ವಾಸಕೋಶ. ದಿನಕ್ಕೆ ಒಂದು ಪ್ರಶ್ನೆ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಹದಿನೈದು ನಿಮಿಷ. ಮೊದಲ ವಾರ ಅರ್ಧ ಪುಟವೂ ದಾಟಲಿಲ್ಲ. ಆಗ ರೋಗ ಪತ್ತೆಯಾಯಿತು: ನನಗೆ ವಿಷಯ ತಿಳಿದಿತ್ತು, ಇಂಗ್ಲಿಷಿನಲ್ಲಿ ವಾಕ್ಯ ಹುಟ್ಟುತ್ತಿರಲಿಲ್ಲ. ಇಡೀ ವರ್ಷ ಓದಿದ್ದೆ, ಬರೆದಿರಲಿಲ್ಲ.

ಹೀಗಾಗಿ ಕ್ರಮ ಬದಲಿಸಿದೆ. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಮೊದಲು ಎಲ್ಲವನ್ನೂ ಕನ್ನಡದಲ್ಲಿ ಹೇಳುವುದು, ಆಮೇಲೆ ಅದನ್ನೇ ಹತ್ತು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು. ಅವ್ವ ಏಳನೆಯ ತರಗತಿ. ಒಮ್ಮೆ, "ಸಕ್ಕರೆ ರಕ್ತದಲ್ಲಿ ಅಷ್ಟೊಂದು ಇದ್ದರೆ ಆ ಮನುಷ್ಯ ದಪ್ಪವಾಗಬೇಕಲ್ಲ, ನಿಮ್ಮ ಕಾಕಾ ಏಕೆ ಸೊರಗಿದ?" ಎಂದು ಕೇಳಿದಳು. ಉತ್ತರ ಬರಲಿಲ್ಲ. ಇನ್ಸುಲಿನ್ ಇಲ್ಲದೆ ಸಕ್ಕರೆ ಜೀವಕೋಶದ ಬಾಗಿಲು ದಾಟುವುದಿಲ್ಲ, ದೇಹ ತನ್ನ ಕೊಬ್ಬು, ಸ್ನಾಯುಗಳನ್ನೇ ಉರಿಸಿಕೊಳ್ಳುತ್ತದೆ ಎಂದು ಮರುದಿನ ಹುಡುಕಿ ಹೇಳಿದೆ. ಮುಂದೆ ಮೌಖಿಕ ಪರೀಕ್ಷೆಯಲ್ಲಿ ಬಂದದ್ದು ಅದೇ ಪ್ರಶ್ನೆ. ಅವ್ವನಷ್ಟು ಕಠಿಣ ಪರೀಕ್ಷಕಿಯನ್ನು ನಾನು ಆಮೇಲೂ ಕಂಡಿಲ್ಲ.

ಪೂರಕ ಪರೀಕ್ಷೆಯಲ್ಲಿ 46 ಬಂತು.

ಲೆಕ್ಕದ ಕಥೆ ಬೇರೆ. ಎರಡನೆಯ ವರ್ಷ ವಾರ್ಡಿನಲ್ಲಿ 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಮುಗಿಯಬೇಕಿತ್ತು. ಒಂದು ಮಿ.ಲೀ.ಗೆ 15 ಹನಿ ಎಂದು ಬಾಯಿಪಾಠ ಮಾಡಿದ್ದ ನಾನು ನಿಮಿಷಕ್ಕೆ 31 ಹನಿ ಇಟ್ಟೆ. ಸಲೈನ್ ಹರಿಸುವ ಕೊಳವೆಯ ಸೆಟ್ಟಿನ ಪೊಟ್ಟಣದ ಮೇಲೆ ಮಿ.ಲೀ.ಗೆ 20 ಹನಿ ಎಂದು ಅಚ್ಚಾಗಿತ್ತು. ಬೇಕಿದ್ದದ್ದು 42. ಸ್ಟಾಫ್ ಸಿಸ್ಟರ್ ನೋಡದೆ ಹೋಗಿದ್ದರೆ ಬಾಟಲಿ ಮುಗಿಯಲು ಐದು ಗಂಟೆ ದಾಟುತ್ತಿತ್ತು. ಅಂದಿನಿಂದ ಪೊಟ್ಟಣ ಓದದೆ ಹನಿ ಎಣಿಸುವುದಿಲ್ಲ. 20ರ ಸೆಟ್ಟಾದರೆ ಗಂಟೆಯ ಮಿ.ಲೀ.ಯನ್ನು ಮೂರರಿಂದ ಭಾಗಿಸುತ್ತೇನೆ, 15ರದ್ದಾದರೆ ನಾಲ್ಕರಿಂದ. ಮಿ.ಲೀ.ಗೆ 60 ಹನಿಯ ಮೈಕ್ರೋ ಸೆಟ್ಟಿಗೆ ಭಾಗಾಕಾರವೇ ಬೇಡ. ಪ್ರಥಮ ದರ್ಜೆಯ ಗೆಳತಿಯರು ಇನ್ನೂ ಕಾಗದ ಹುಡುಕುತ್ತಿರುವಾಗ ನನ್ನ ಉತ್ತರ ಸಿದ್ಧವಿರುತ್ತಿತ್ತು. ಇನ್ಸುಲಿನ್ ಸಿರಿಂಜಿನಲ್ಲೂ ಇದೇ ಎಚ್ಚರ: ಮಿ.ಲೀ.ಗೆ 40 ಯೂನಿಟ್ ಇರುವ ಸೀಸೆಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಕಿತ್ತಳೆ ಬಣ್ಣದ 100ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ರೋಗಿಗೆ ಸೇರುವುದು ನಾಲ್ಕೇ ಯೂನಿಟ್.

ಇನ್ನೊಂದು ಹುಚ್ಚೂ ಇತ್ತು. ಹುಬ್ಬಳ್ಳಿ ನಿಲ್ದಾಣದ ಆ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆಯಲ್ಲ, ರೈಲು ತಡವಾದ ದಿನ ಅದರ ಉದ್ದಕ್ಕೂ ನಡೆಯುತ್ತ ಕಪಾಲದ ಹನ್ನೆರಡು ನರಗಳನ್ನು ಹೇಳಿಕೊಳ್ಳುತ್ತಿದ್ದೆ. ಒಂದು ಬೆಂಚಿಗೆ ಒಂದು ನರ. ಎಂಟನೆಯ ನರದ ಬಳಿ ಚಹಾದವನು ನಿಂತಿರುತ್ತಿದ್ದ. ಅದನ್ನಂತೂ ಮರೆಯಲು ಸಾಧ್ಯವೇ ಇಲ್ಲ. ಸ್ನಾಯುಗಳಿಗೆ ಇದೇ ಉಪಾಯ ಮಾಡಲು ಹೋಗಿ ಕಾಲು ನೋಯಿಸಿಕೊಂಡದ್ದಷ್ಟೇ ಬಂತು.

ಪ್ರಾಯೋಗಿಕ ಪರೀಕ್ಷೆಗೆ ಟ್ರೇ ಜೋಡಿಸುವಾಗ ಮೊದಲ ಎರಡು ನಿಮಿಷ ನಾನು ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನ ಹುಡುಗಿಯರಿಗೆ ಹೇಳಿದ್ದೇನೆ, ಅಷ್ಟು ಸಾಕು.

ಕೊನೆಯ ವರ್ಷ 67 ಶೇಕಡಾ ಬಂತು. ಅಂದು ತರಗತಿಯನ್ನು ನಗಿಸಿದ್ದ ಮೇಡಂ ಪೇಡೆ ತಿಂದು, "ನೀನೇ ಬರೆದೆಯಾ?" ಎಂದರು. ಧಾರವಾಡದಿಂದಲೇ ತರಿಸಿದ್ದೆ, ಒಂದು ಹೆಚ್ಚೇ ಕೊಟ್ಟೆ. ಈಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಸಂಬಳ ಹದಿನಾಲ್ಕು ಸಾವಿರದಿಂದ ಶುರುವಾಯಿತು. ಸರ ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು, ಬಡ್ಡಿ ಎಷ್ಟಾಯಿತೆಂದು ಅವ್ವ ಇನ್ನೂ ಹೇಳಿಲ್ಲ. ಸರಕಾರಿ ನೇಮಕಾತಿಗೆ ಓದುತ್ತಿದ್ದೇನೆ. ಅಲ್ಲಿ ನಾಲ್ಕರಲ್ಲಿ ಒಂದನ್ನು ಗುರುತಿಸಿದರೆ ಮುಗಿಯಿತು, ವಾಕ್ಯ ಕಟ್ಟುವ ಕೆಲಸವೇ ಇಲ್ಲ. ನನ್ನ ಪದ್ಧತಿ ಅಲ್ಲಿ ನಡೆಯುತ್ತದೆಯೋ ಇಲ್ಲವೋ, ಮೂರು ಕಟ್ಟು ರದ್ದಿ ಮಾತ್ರ ಇನ್ನೂ ಮಂಚದ ಕೆಳಗಿದೆ.