ಅಡಿಕೆ ಸೋಗೆ, ಹಾಳೆಯನ್ನು ಕತ್ತರಿಸಿ ಗೊಬ್ಬರ ಮಾಡುವುದು: ನನ್ನ ಅನುಭವ

ಒಂದು ಅಡಿಕೆ ಮರ ವರ್ಷಕ್ಕೆ ಸುಮಾರು ಆರು ಸೋಗೆ ಉದುರಿಸುತ್ತದೆ. 9 ಅಡಿ ಅಂತರದಲ್ಲಿ ನೆಟ್ಟ ಎಕರೆ ತೋಟದಲ್ಲಿ 540ರಷ್ಟು ಮರಗಳಿರುವುದರಿಂದ, 3,000ಕ್ಕೂ ಮಿಕ್ಕಿ ಸೋಗೆ, ಅಷ್ಟೇ ಹಾಳೆ (ಸೋಗೆಯ ಬುಡದ ಅಗಲವಾದ ಪೊರೆ) ಸಿಗುತ್ತವೆ. ಇವನ್ನು ಇಡಿಯಾಗಿ ಬುಡಕ್ಕೆ ಹಾಸಿದರೆ ಎಲೆಯ ಭಾಗ ಬೇಗ ಕರಗಿದರೂ ದಂಟು ಮತ್ತು ಹಾಳೆ ಬಹುಕಾಲ ಹಾಗೆಯೇ ಉಳಿದು, ಅಡಿಕೆ ಗೊನೆ ತೆಗೆಯುವ ಹೊತ್ತಿಗೆ ಕಾಲಿಗೆ ತೊಡರುತ್ತವೆ. ದೊನ್ನೆಯಂತೆ ಮುದುಡಿದ ಹಾಳೆಯಲ್ಲಿ ಮಳೆನೀರು ನಿಂತು ಸೊಳ್ಳೆ ಹೆಚ್ಚುವುದು ಬೇರೆ. ಆದ್ದರಿಂದ ನಮ್ಮ ಮಲೆನಾಡಿನ ತೋಟಕ್ಕೆ 3 ಎಚ್‌ಪಿ ಮೋಟಾರಿನ ಶ್ರೆಡ್ಡರ್ (ಚೂರು ಮಾಡುವ ಯಂತ್ರ) ತಂದುಕೊಂಡೆ.

ಯಂತ್ರಕ್ಕಿಂತ ಮುಖ್ಯವಾದದ್ದು ಹಾಳೆಯ ಹದ. ನೀರು ಸೋರುವಷ್ಟು ಹಸಿಯಾಗಿದ್ದರೆ ನಾರು ಸೀಳಿಕೊಂಡು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಪೂರ್ತಿ ಒಣಗಿದ್ದರೆ ಮೂಗು ಬಾಯಿಗೆಲ್ಲ ಧೂಳು. ಎರಡು ಬಿಸಿಲು ಕಂಡು ಬಾಡಿದ, ಬಗ್ಗಿಸಿದರೆ ಮುರಿಯದೆ ಬಾಗುವ ಹಾಳೆಯೇ ಸಲೀಸಾಗಿ ತುಂಡಾಗುತ್ತದೆ. ಬುಡದ ಗಟ್ಟಿ ಭಾಗವನ್ನು ಮೊದಲು ಒಳಗೆ ಬಿಡುತ್ತೇನೆ, ನಡುನಡುವೆ ಗ್ಲಿರಿಸಿಡಿಯಾ (ಹಸಿರೆಲೆ ಗೊಬ್ಬರದ ಗಿಡ) ಕೋಲುಗಳನ್ನು ಕೊಡುತ್ತೇನೆ. ಆ ಕೋಲುಗಳು ಸಿಕ್ಕಿಕೊಂಡ ನಾರನ್ನು ಮುಂದಕ್ಕೆ ತಳ್ಳುತ್ತವೆ. ಮಣ್ಣು ಮೆತ್ತಿದ ಸೋಗೆಯನ್ನು ಕೊಡವದೆ ಹಾಕಿದರೆ ಬ್ಲೇಡು ಬೇಗ ಮೊಂಡಾಗುತ್ತದೆ. ಲುಂಗಿ, ಹೆಗಲ ಮೇಲಿನ ಟವೆಲ್, ಸಡಿಲವಾದ ಕೈಗವಸು ಯಾವುದೂ ಯಂತ್ರದ ಬಳಿ ಸಲ್ಲದು. ಸಿಕ್ಕಿಕೊಂಡದ್ದನ್ನು ಬಿಡಿಸುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಹಲವರು ನುಣ್ಣನೆಯ ಪುಡಿಗೆ ಆಸೆಪಡುತ್ತಾರೆ. ನನಗೆ ಬೇಕಾದದ್ದು ಎರಡು ಇಂಚಿನಷ್ಟು ಉದ್ದದ, ಅಂಚು ಜಜ್ಜಿಹೋದ ಚೂರು. ದಂಟಿನ ನುಣುಪಾದ ಹೊರಸಿಪ್ಪೆ ಒಡೆದರೆ ನೀರೂ ಸೂಕ್ಷ್ಮಜೀವಿಗಳೂ ಒಳಗಿಳಿಯುತ್ತವೆ, ಅಷ್ಟಾದರೆ ಸಾಕು. ಪುಡಿಯಾದರೆ ಮಳೆಗಾಲದಲ್ಲಿ ಗೊಬ್ಬರದ ಗುಪ್ಪೆ ಒತ್ತಿಕೊಂಡು, ಗಾಳಿಯಾಡದೆ ನಾರುತ್ತದೆ. ಮೇಲಿಂದ ಕರೆಂಟೂ ದಂಡ.

ಒಣ ಸೋಗೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಇವೆರಡರ ಪ್ರಮಾಣ 30:1ರ ಆಸುಪಾಸಿಗೆ ಬಂದರೆ ಕೊಳೆಯುವಿಕೆ ಚುರುಕಾಗುವುದರಿಂದ, ಒಂದು ಅಡಿ ಚೂರಿನ ಮೇಲೆ ಗ್ಲಿರಿಸಿಡಿಯಾದ ಹಸಿ ಸೊಪ್ಪನ್ನು ಹರಡಿ, ಸಗಣಿ ಗಂಜಲದ ಬಗ್ಗಡವನ್ನು ತೋಯುವಂತೆ ಸುರಿಯುತ್ತೇನೆ. ಹೀಗೆ ಮೂರು ಮೂರೂವರೆ ಅಡಿ ಎತ್ತರ ಏರಿಸಿದರೆ ಕೆಲವೇ ದಿನಗಳಲ್ಲಿ ಒಳಗೆ 60 ಡಿಗ್ರಿಯ ಆಸುಪಾಸಿನ ಕಾವೇರುತ್ತದೆ. ಹಿಡಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಬೇಕು. ಧಾರೆಯಾಗಿ ಇಳಿದರೆ ಒಣ ಚೂರು ಬೆರೆಸಿ ಮಗುಚುತ್ತೇನೆ. ಮಳೆಯಲ್ಲಿ ಸಾರ ತೊಳೆದುಹೋಗದಂತೆ ಗುಪ್ಪೆಯ ಮೇಲೆ ಸೂರು ಬೇಕೇ ಬೇಕು. ಕಾವು ಪೂರ್ತಿ ಇಳಿದ ಮೇಲೆಯೇ ಎರೆಹುಳು ಬಿಡುವುದು. ಅಡಿಕೆ ಸಿಪ್ಪೆಯನ್ನು ಮಾತ್ರ ಈ ಯಂತ್ರಕ್ಕೆ ಹಾಕುವುದಿಲ್ಲ. ಅದರ ನಾರು ಜಾಲರಿಯನ್ನೇ ಮುಚ್ಚಿಬಿಡುವುದರಿಂದ, ಒಂದು ಮಳೆಗಾಲ ಹೊರಗೆ ನೆನೆಯಲು ಬಿಟ್ಟು, ಮೆತ್ತಗಾದ ಬಳಿಕ ನೇರವಾಗಿ ಗುಪ್ಪೆಗೆ ಸೇರಿಸುತ್ತೇನೆ.